ಬಡತನಕ್ಕೆ ಹೊಣೆ ಯಾರು? ಮುಗಿಯದ ಒಂದು ವಾದದ ಸಮೀಕ್ಷೆ

ಸಂಕ್ರಾಂತಿ ದಾಟಿತೆಂದರೆ ಹಾವೇರಿ ಜಿಲ್ಲೆಯ ಬ್ಯಾಡಗಿಯ ಗಾಳಿಯಲ್ಲೇ ಘಾಟು. ಸೋಮವಾರ ಮತ್ತು ಗುರುವಾರ ಎಪಿಎಂಸಿ ಅಂಗಳಕ್ಕೆ ಸುತ್ತಲಿನ ಹಳ್ಳಿಗಳಿಂದ, ಬಳ್ಳಾರಿ–ರಾಯಚೂರು ಕಡೆಯಿಂದ, ಗಡಿಯಾಚೆಯ ಆಂಧ್ರದಿಂದ ಲಾರಿಗಟ್ಟಲೆ ಮೆಣಸಿನಕಾಯಿ ಚೀಲ ಬಂದು ಬೀಳುತ್ತವೆ. ದಲಾಲಿ ಅಂಗಡಿಗಳ ಹಿಂಬದಿಯಲ್ಲಿ, ಗೋದಾಮುಗಳ ನೆರಳಲ್ಲಿ ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾರೆ. ಮೂಗು ಬಾಯಿಗೆ ಸೆರಗು ಬಿಗಿದಿರುತ್ತಾರೆ. ಹಾಗಿದ್ದರೂ ಸೀನು ನಿಲ್ಲುವುದಿಲ್ಲ. ಸಂಜೆ ಮನೆಗೆ ಹೋಗಿ ಕೈ ತೊಳೆದರೂ ಬೆರಳ ಉರಿ ಇಳಿಯುವುದಿಲ್ಲ. ಕೂಸನ್ನು ಎತ್ತಿಕೊಳ್ಳುವ ಮುಂಚೆ ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕು. ಎಷ್ಟು ಕಾಯಿ ಬಿಡಿಸಿದರೋ ಅಷ್ಟಕ್ಕೇ ಕೂಲಿ.

ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಅದರ ಹೆಗ್ಗಳಿಕೆ. ಅದರಿಂದ ತೆಗೆದ ಓಲಿಯೊರೆಸಿನ್ ಎಂಬ ಬಣ್ಣದ ಸಾರ ಹೊರದೇಶಗಳ ಆಹಾರ ಕಾರ್ಖಾನೆಗೂ ಸೌಂದರ್ಯವರ್ಧಕಗಳಿಗೂ ಹೋಗುತ್ತದೆ. ಕೋಟಿಗಳ ವಹಿವಾಟು ನಡೆಯುವ ಇದೇ ಊರಿನ ಚಹಾದಂಗಡಿಯಲ್ಲಿ ಒಂದು ಮಾತು ತಪ್ಪದೇ ಕಿವಿಗೆ ಬೀಳುತ್ತದೆ: "ಪುಕ್ಕಟೆ ಅಕ್ಕಿ ಕೊಟ್ಟು ಮಂದಿನ್ನ ಸೋಮಾರಿ ಮಾಡಿಟ್ಟಾರ. ಕೂಲಿಗೆ ಆಳ ಸಿಗವಲ್ರು."

ಬಡವರು ಬಡವರಾಗಿರುವುದು ಏಕೆ, ಅವರಿಗೆ ಉಳಿದವರು ಏನು ಕೊಡಬೇಕು, ಕೊಡುವ ಮೊದಲು ಏನು ಕೇಳಬೇಕು? ಮೂರೂ ಹಳೆಯ ಪ್ರಶ್ನೆಗಳು. ಹಾವೇರಿ ಜಿಲ್ಲೆಯ ನೆಲದಲ್ಲಿ ನಿಂತು ನೋಡಿದರೆ ಈ ವಾದದ ಹೆಚ್ಚುಕಡಿಮೆ ಎಲ್ಲ ಕವಲುಗಳೂ ಕಾಣುತ್ತವೆ.

ನರೆದಲೆಗನ ಪಕ್ಷ

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಿಂದಲೇ ಆರಂಭಿಸಬಹುದು. ಕನಕದಾಸರು ತಮ್ಮ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿದರು. ಭತ್ತ ಉಳ್ಳವರ ಊಟ, ದೇವರ ನೈವೇದ್ಯ. ಅದಕ್ಕೆ ಕುಲದ ಬಿಂಕ. ನರೆದಲೆಗ, ಅಂದರೆ ರಾಗಿ, ಬಡವರ ಹೊಟ್ಟೆಯ ಧಾನ್ಯ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ, ಮರ್ಯಾದೆ ರಾಗಿಗೆ ಸಲ್ಲುತ್ತದೆ. ಇದು ಧಾನ್ಯದ ಕತೆಯಷ್ಟೇ ಅಲ್ಲವೆಂದು ವಿಮರ್ಶಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಬಡವರ ಅನ್ನವನ್ನು ಹೀಯಾಳಿಸುವುದು ಬಡವರನ್ನೇ ಹೀಯಾಳಿಸಿದಂತೆ ಎಂಬ ಅರಿವು ಅದರಲ್ಲಿದೆ.

ಅದಕ್ಕೂ ಸುಮಾರು ನಾಲ್ಕು ಶತಮಾನ ಮೊದಲು ಶರಣರು ಕಾಯಕ, ದಾಸೋಹಗಳನ್ನು ಜೊತೆಗಿಟ್ಟಿದ್ದರು. ದುಡಿಮೆ ಎಲ್ಲರಿಗೂ ಕಡ್ಡಾಯ. ದುಡಿದದ್ದರಲ್ಲಿ ಮಿಕ್ಕದ್ದು ತನ್ನದಲ್ಲ. ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಲಕ್ಕಮ್ಮ ಬಡತನವನ್ನು ನಾಚಿಕೆಯೆಂದು ಕಾಣಲಿಲ್ಲ. ಅಗತ್ಯಕ್ಕಿಂತ ಹೆಚ್ಚಿನದನ್ನು ಇಟ್ಟುಕೊಳ್ಳುವುದೇ ಆಕೆಗೆ ನಾಚಿಕೆಯಾಗಿತ್ತು.

ಇವಕ್ಕೆ ಎದುರಾಗಿ ಇನ್ನೊಂದು ಧಾರೆಯೂ ಉದ್ದಕ್ಕೂ ಹರಿದು ಬಂದಿದೆ. ಬಡತನ ಹಣೆಬರಹ, ಹಿಂದಿನ ಜನ್ಮದಲ್ಲಿ ಪಡೆದು ಬಂದದ್ದು ಎಂಬ ನಂಬಿಕೆ ಅದು. ದಾನಕ್ಕೂ ಪಾತ್ರರು, ಅಪಾತ್ರರು ಎಂಬ ವಿಂಗಡಣೆ ಅಂಟಿಕೊಂಡಿತು. ಕೊಡುವವನಿಗೆ ಪುಣ್ಯ ಬರಬೇಕಾದರೆ ತೆಗೆದುಕೊಳ್ಳುವವನು ಯೋಗ್ಯನಾಗಿರಬೇಕು. ಈ ಯೋಗ್ಯತೆಯ ಪರೀಕ್ಷೆ ವೇಷ ಬದಲಿಸಿಕೊಂಡು ಇಂದಿನ ರೇಷನ್ ಕಾರ್ಡಿನವರೆಗೂ ನಡೆದು ಬಂದಿದೆ.

ಒಂದು ಪೌಂಡಿನ ಲೆಕ್ಕ

ಧಾತು–ಈಶ್ವರ ಸಂವತ್ಸರಗಳ ಬರ, ಅಂದರೆ 1876–78ರ ಮಹಾಕ್ಷಾಮ, ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯನ್ನೂ ತಿಂದುಹಾಕಿತು. ಇಂದಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲವೂ 1997ರವರೆಗೆ ಆ ಜಿಲ್ಲೆಯ ಭಾಗವೇ. ಪರಿಹಾರ ಕಾಮಗಾರಿಗಳ ಕೂಲಿ ನಿಗದಿ ಮಾಡಲು ಬಂದ ಸರ್ ರಿಚರ್ಡ್ ಟೆಂಪಲ್, ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸು ಸಾಕೆಂದು ತೀರ್ಮಾನಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಮಣ್ಣು ಹೊರುವ, ಕಲ್ಲು ಒಡೆಯುವ ದೇಹಕ್ಕೆ ಅಷ್ಟೇ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದು ಉಪವಾಸ ಕೆಡವುವ ಪಡಿ ಎಂದು ಪ್ರತಿಭಟಿಸಿದರು. ಮುಂಬೈ ಪ್ರಾಂತದಲ್ಲಿ ಹಸಿದ ಜನರೇ 1877ರಲ್ಲಿ ಕೆಲಸ ಬಿಟ್ಟು ಮುಷ್ಕರ ಹೂಡಿದರು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲೇ ಸತ್ತವರು ಐವತ್ತು ಲಕ್ಷ ದಾಟಿದರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಟೆಂಪಲ್‌ನ ಲೆಕ್ಕದ ಹಿಂದೆ ಒಂದು ಸಿದ್ಧಾಂತವಿತ್ತು. 1798ರಲ್ಲಿ ಮಾಲ್ತಸ್ ಜನಸಂಖ್ಯೆಯ ಭಯ ಬಿತ್ತಿದ್ದ. 1834ರ ಇಂಗ್ಲೆಂಡಿನ ಬಡವರ ಕಾಯಿದೆ, ನೆರವು ಪಡೆಯುವವನ ಸ್ಥಿತಿ ಅತಿ ಕಡಿಮೆ ಕೂಲಿಯವನಿಗಿಂತಲೂ ಕೀಳಾಗಿರಬೇಕೆಂದು ವಿಧಿಸಿತ್ತು. ಇಲ್ಲದಿದ್ದರೆ ಯಾರೂ ದುಡಿಯುವುದಿಲ್ಲ ಎಂಬ ಅಂಜಿಕೆ. ಅದೇ ಅಂಜಿಕೆ ದಕ್ಖನ್ನಿಗೂ ಬಂತು. ನಿಜವಾಗಿ ಹಸಿದವನು ಮಾತ್ರ ಬರಲಿ ಎಂದು ಕಾಮಗಾರಿಯನ್ನು ಊರಿನಿಂದ ದೂರದಲ್ಲಿ ಇಡುತ್ತಿದ್ದರು. ಹಸಿವನ್ನು ಸಾಬೀತು ಮಾಡಲು ಹಸಿದವರು ಮೈಲಿಗಟ್ಟಲೆ ನಡೆಯಬೇಕಿತ್ತು.

ಇದೇ ಹೊತ್ತಿನಲ್ಲಿ ದಾದಾಭಾಯಿ ನವರೋಜಿ ಪ್ರಶ್ನೆಯನ್ನೇ ಬದಲಿಸಿದರು. ಭಾರತೀಯರು ಬಡವರಾಗಿರುವುದು ಅವರ ಸ್ವಭಾವದಿಂದಲ್ಲ, ದೇಶದ ಸಂಪತ್ತು ಹೊರಗೆ ಸೋರಿಹೋಗುತ್ತಿರುವುದರಿಂದ ಎಂದು ಅಂಕಿ ಸಮೇತ ವಾದಿಸಿದರು. ನೂರು ವರ್ಷಗಳ ನಂತರ, 1981ರಲ್ಲಿ, ಅಮರ್ತ್ಯ ಸೇನ್ ಬಂಗಾಳದ ಕ್ಷಾಮವನ್ನು ಪರಿಶೀಲಿಸಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕ್ಷಾಮಕ್ಕೆ ಧಾನ್ಯದ ಕೊರತೆಯೇ ಕಾರಣವಾಗಬೇಕಿಲ್ಲ; ಇರುವ ಧಾನ್ಯ ಕೊಳ್ಳುವ ಶಕ್ತಿ ಕಳೆದುಕೊಂಡರೂ ಜನ ಸಾಯುತ್ತಾರೆ.

ಗೆರೆ ಎಳೆದವರು

ಸ್ವಾತಂತ್ರ್ಯಾನಂತರ ಬಡತನ ಅಂಕಿಯಾಯಿತು. 1971ರಲ್ಲಿ ದಾಂಡೇಕರ್ ಮತ್ತು ರಥ್ ಕ್ಯಾಲೊರಿ ಲೆಕ್ಕ ಹಿಡಿದು ದೇಶದ ಬಡವರನ್ನು ಎಣಿಸಿದರು. ಅದೇ ವರ್ಷ 'ಗರೀಬಿ ಹಠಾವೊ' ಚುನಾವಣೆ ಗೆದ್ದಿತು. 2009ರ ತೆಂಡೂಲ್ಕರ್ ವರದಿಯ ವಿಧಾನದಂತೆ 2011–12ರಲ್ಲಿ ಹಳ್ಳಿಯಲ್ಲಿ ತಿಂಗಳಿಗೆ 816 ರೂಪಾಯಿ, ಪಟ್ಟಣದಲ್ಲಿ 1000 ರೂಪಾಯಿ ಖರ್ಚು ಮಾಡುವವರು ಗೆರೆಯ ಮೇಲೆ. ದಿನಕ್ಕೆ 27 ರೂಪಾಯಿ! ದೇಶಾದ್ಯಂತ ಕೂಗೆದ್ದಿತು. 2014ರಲ್ಲಿ ರಂಗರಾಜನ್ ಸಮಿತಿ ಅದನ್ನು ಹಳ್ಳಿಗೆ 32, ಪಟ್ಟಣಕ್ಕೆ 47 ರೂಪಾಯಿಗೆ ಏರಿಸಿತು. ಸರ್ಕಾರ ಅದನ್ನು ಅಂಗೀಕರಿಸಲಿಲ್ಲ.

ಹಣದ ಬದಲು ಬದುಕನ್ನೇ ಅಳೆಯುವ ಪ್ರಯತ್ನವೂ ನಡೆದಿದೆ. ಪೌಷ್ಟಿಕತೆ, ಶಾಲೆ, ಶೌಚಾಲಯ, ಅಡುಗೆ ಇಂಧನ ಇತ್ಯಾದಿ ಸೇರಿಸಿದ ನೀತಿ ಆಯೋಗದ ಸೂಚ್ಯಂಕದ ಪ್ರಕಾರ ಕರ್ನಾಟಕದ ಬಹುಆಯಾಮದ ಬಡತನ 2015–16ರ ಶೇ 12.77ರಿಂದ 2019–21ಕ್ಕೆ ಶೇ 7.58ಕ್ಕೆ ಇಳಿದಿದೆ. ಇಳಿಕೆ ನಿಜ, ಸಂತೋಷದ ಸಂಗತಿ. ಆದರೆ ಗೆರೆಯಿಂದ ಮೇಲೆ ಬಂದವರು ಅಲ್ಲೇ ನಿಲ್ಲುತ್ತಾರೆಯೇ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ.

'ಕೈ ಕೆಸರಾದರೆ' ಎನ್ನುವವರು

ಮೊದಲ ಪಂಥ ವ್ಯಕ್ತಿಯನ್ನೇ ಹೊಣೆ ಮಾಡುತ್ತದೆ. ದುಡಿದವನು ಉಣ್ಣುತ್ತಾನೆ, ಕೈ ಕೆಸರಾದರೆ ಬಾಯಿ ಮೊಸರು. ಬಡವನ ಬಾಯಿಗೆ ಮೊಸರಿಲ್ಲವೆಂದರೆ ಕೈ ಕೆಸರಾಗಿಲ್ಲ. ಕುಡಿತ, ದುಂದು ಮದುವೆ, ಉಳಿತಾಯದ ಕೊರತೆ ಈ ವಾದದ ಸಾಕ್ಷಿಗಳು. ಅಮೆರಿಕದ ಮಾನವಶಾಸ್ತ್ರಜ್ಞ ಆಸ್ಕರ್ ಲೂಯಿಸ್ ಮೆಕ್ಸಿಕೊದ ಕುಟುಂಬಗಳನ್ನು ಅಭ್ಯಸಿಸಿ, ಬಡತನಕ್ಕೆ ತನ್ನದೇ ಸಂಸ್ಕೃತಿಯಿದೆ, ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ ಎಂದು 1959ರ ಹೊತ್ತಿಗೆ ಬರೆದರು. ಆ ಮಾತು ಬಡವರನ್ನು ದೂರುವವರ ಕೈಗೆ ಕೋಲಾಯಿತು. 1971ರಲ್ಲಿ ವಿಲಿಯಂ ರಯಾನ್, ಇದು ಪೆಟ್ಟು ತಿಂದವನ ಮೇಲೇ ತಪ್ಪು ಹೊರಿಸುವ ಕೆಲಸ ಎಂದು ಪುಸ್ತಕವನ್ನೇ ಬರೆದರು.

ಈ ನಂಬಿಕೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಲೆಸಿನಾ ಮತ್ತು ಗ್ಲೇಸರ್ 2004ರಲ್ಲಿ ತೋರಿಸಿದಂತೆ, ಬಡವರು ಸೋಮಾರಿಗಳೆಂದು ನಂಬುವ ಅಮೆರಿಕನ್ನರು ಶೇ 60. ಯುರೋಪಿಯನ್ನರಲ್ಲಿ ಶೇ 26. ಸೋಮಾರಿತನ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಅಷ್ಟೊಂದು ಬೇರೆಯಿರಲಾರದು. ನೋಡುವ ಕಣ್ಣು ಬೇರೆ.

ಕರ್ನಾಟಕದಲ್ಲಿ ಈ ವಾದ 2013ರ ಅನ್ನಭಾಗ್ಯದಿಂದ ಜೋರಾಯಿತು, 2023ರ ಗ್ಯಾರಂಟಿಗಳಿಂದ ತಾರಕಕ್ಕೇರಿತು. ಹತ್ತು ಕಿಲೋ ಅಕ್ಕಿ, ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ, 200 ಯೂನಿಟ್ ವಿದ್ಯುತ್, ಹೆಣ್ಣುಮಕ್ಕಳಿಗೆ ಉಚಿತ ಬಸ್ಸು. 'ಬಿಟ್ಟಿ ಭಾಗ್ಯ' ಎಂಬ ಮೂದಲಿಕೆ ಆಗಲೇ ಹುಟ್ಟಿತು. ಪರೀಕ್ಷಿಸಿ ನೋಡಿದವರು ಕಂಡದ್ದು ಬೇರೆ. ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ನಗದು ನೆರವಿನ ಪ್ರಯೋಗಗಳನ್ನು ಒಟ್ಟಿಗಿಟ್ಟು 2017ರಲ್ಲಿ ಹೇಳಿದ್ದು: ನೆರವು ಪಡೆದವರು ದುಡಿಮೆ ಬಿಟ್ಟರೆಂಬುದಕ್ಕೆ ಪುರಾವೆ ಇಲ್ಲ.

ಆದರೂ ರೈತನ ದೂರು ಸುಳ್ಳಲ್ಲ. ಎರಡೆಕರೆ ಮೆಣಸಿನ ಗಿಡದಲ್ಲಿ ಕಾಯಿ ಹಣ್ಣಾಗಿ ನಿಂತಾಗ ಆಳು ಸಿಗದಿದ್ದರೆ ಅವನ ವರ್ಷವೇ ಮುಳುಗುತ್ತದೆ. ಕೂಲಿ ಏರಿದಂತೆ ಕಾಯಿಯ ದರವೂ ಏರುತ್ತದೆಂಬ ಖಾತ್ರಿಯಿಲ್ಲ. ಆದರೆ ಮನೆಯಲ್ಲಿ ಅಕ್ಕಿ ಇರುವಾಕೆ ತೀರಾ ಕಡಿಮೆ ಕೂಲಿಗೆ ಒಲ್ಲೆ ಎನ್ನಬಲ್ಲಳು. ಆ 'ಒಲ್ಲೆ'ಯನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ. ಹಳ್ಳಿಯಿಂದ ಪೇಟೆಗೆ ಕೂಲಿಗೆ ಬರುವವಳಿಗೆ ಬಸ್ ಚಾರ್ಜು ಉಳಿದರೆ, ಆ ಉಚಿತ ಟಿಕೆಟ್ಟು ಅವಳನ್ನು ಕೆಲಸಕ್ಕೆ ಕರೆತಂದಿದೆಯೇ ಹೊರತು ಮನೆಯಲ್ಲಿ ಕೂರಿಸಿಲ್ಲ.

ದರ, ಬೀಜ, ಸಾಲ

ಎರಡನೆಯ ಪಂಥ ವ್ಯವಸ್ಥೆಯನ್ನು ಹೊಣೆ ಮಾಡುತ್ತದೆ. ಭೂಮಿ ಯಾರ ಹೆಸರಲ್ಲಿದೆ, ದರ ಯಾರು ಕಟ್ಟುತ್ತಾರೆ, ಸಾಲ ಯಾವ ಷರತ್ತಿಗೆ ಸಿಗುತ್ತದೆ ಎಂದು ಕೇಳುತ್ತದೆ. ದೇವರಾಜ ಅರಸರ 1974ರ ಭೂಸುಧಾರಣೆ ಈ ತಿಳಿವಳಿಕೆಯಿಂದ ಹುಟ್ಟಿದ್ದು. ಗೇಣಿದಾರ ಒಡೆಯನಾದ, ಗೇಣಿಯೂ ಇಲ್ಲದ ಕೂಲಿಕಾರ ಕೂಲಿಕಾರನಾಗಿಯೇ ಉಳಿದ.

ಈ ಪಂಥಕ್ಕೆ ಹಾವೇರಿ ಜಿಲ್ಲೆಯಲ್ಲಿ ಸಾಕ್ಷಿಗಳು ಧಾರಾಳ. 2008ರ ಜೂನ್‌ನಲ್ಲಿ ಗೊಬ್ಬರಕ್ಕಾಗಿ ಹಾವೇರಿಯಲ್ಲಿ ನೆರೆದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತರು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಏಕಾಏಕಿ ಕುಸಿದಾಗ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಬೇಕಿಲ್ಲ. ವರ್ಷಪೂರ್ತಿ ಬೆವರು ಸುರಿಸಿದವನ ಗಳಿಕೆ ಒಂದು ಮಧ್ಯಾಹ್ನದ ಟೆಂಡರಿನಲ್ಲಿ ಕರಗಬಲ್ಲದು ಎಂಬ ಸತ್ಯ ಮಾತ್ರ ಅಂದು ಬಯಲಾಯಿತು.

ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಿವೆ. ಅಲ್ಲಿನ 'ಕ್ರಾಸಿಂಗ್' ಕೆಲಸವನ್ನು ಹತ್ತಿರದಿಂದ ನೋಡಬೇಕು. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಕೇಸರಗಳನ್ನು ಉಗುರಿನಿಂದ ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಒಂದೊಂದೇ ಹೂವಿಗೆ ಮುಟ್ಟಿಸಬೇಕು. ಸಾವಿರಾರು ಹೂ, ಬಗ್ಗಿದ ಬೆನ್ನು. ಬೆರಳು ಸಣ್ಣದಿದ್ದಷ್ಟೂ ಕೆಲಸ ಚೊಕ್ಕ ಎಂಬ ನೆಪದಲ್ಲಿ ಮಕ್ಕಳನ್ನು ಇಂಥ ಹೊಲಗಳಿಗೆ ಇಳಿಸಿದ ಕಹಿ ಇತಿಹಾಸ ಈ ಉದ್ಯಮಕ್ಕಿದೆ. ಶಾಲೆ ತಪ್ಪಿದ ಆ ಮಗು ಮುಂದೆ ಬಡವನಾದರೆ ಅವನ ಗುಣದ ದೋಷವೆನ್ನಲು ಮನಸ್ಸು ಬರುವುದು ಕಷ್ಟ.

ಇನ್ನು ಸಾಲ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಾಳದೆ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿದರು. ಮರುತಿಂಗಳೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ ಮತ್ತು ಐದು ಲಕ್ಷದವರೆಗೆ ದಂಡ ಎಂದಿತು. ಬಡವರಿಗೆ ಸಾಲ ಸಿಕ್ಕರೆ ತಾವೇ ಎದ್ದು ನಿಲ್ಲುತ್ತಾರೆ ಎಂಬ ಭರವಸೆಯಿಂದ ಜಗತ್ತಿನಾದ್ಯಂತ ಹಬ್ಬಿದ ಕಿರುಸಾಲ ಕೊನೆಗೆ ಇಲ್ಲಿಗೆ ಬಂದು ಮುಟ್ಟಿತು.

ವ್ಯವಸ್ಥೆಗೂ ವ್ಯಕ್ತಿಗೂ ನಡುವೆ ಒಂದು ಹೊಸ ವಿವರಣೆಯಿದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಒಮ್ಮೆ, ಹಣ ಬಂದ ಮೇಲೆ ಇನ್ನೊಮ್ಮೆ ಬುದ್ಧಿಪರೀಕ್ಷೆಗೆ ಕೂರಿಸಿದ ಸಂಶೋಧನೆ 2013ರಲ್ಲಿ ಪ್ರಕಟವಾಯಿತು. ಅದೇ ಮನುಷ್ಯ, ಅದೇ ತಲೆ. ಆದರೆ ಕೊರತೆಯ ದಿನಗಳಲ್ಲಿ ಅಂಕ ಕಡಿಮೆ. ನಾಳೆಯ ಚಿಂತೆ ಇವತ್ತಿನ ವಿವೇಕವನ್ನು ತಿನ್ನುತ್ತದೆ. ಹಾಗಿದ್ದರೆ ಬಡವರ 'ತಪ್ಪು ನಿರ್ಧಾರ' ಅನೇಕ ಸಲ ಬಡತನದ ಕಾರಣವಲ್ಲ, ಅದರ ಫಲ.

ಹಾವನೂರರ ತಕರಾರು

ಬಡವ ಎಂದರೆ ಯಾರು ಎಂಬ ಪ್ರಶ್ನೆಗೆ ಭಾರತದಲ್ಲಿ ಜಾತಿಯನ್ನು ಬಿಟ್ಟು ಉತ್ತರವಿಲ್ಲ ಎಂದವರು ರಾಣೆಬೆನ್ನೂರಿನ ಎಲ್.ಜಿ. ಹಾವನೂರ. ಅರಸು ಸರ್ಕಾರ 1972ರಲ್ಲಿ ನೇಮಿಸಿದ ಆಯೋಗದ ಅಧ್ಯಕ್ಷರಾಗಿ 1975ರಲ್ಲಿ ಅವರು ಕೊಟ್ಟ ವರದಿ ಹಿಂದುಳಿದ ವರ್ಗಗಳ ಬೈಬಲ್ ಎಂದೇ ಹೆಸರಾಯಿತು. ಒಂದೇ ಆದಾಯದ ಇಬ್ಬರಲ್ಲಿ ಒಬ್ಬನಿಗೆ ಹೋಟೆಲಿನ ಬಾಗಿಲು, ಅರ್ಚಕನ ಅಂಗಳ, ಕಚೇರಿಯ ಕುರ್ಚಿ ತೆರೆದಿರುತ್ತವೆ, ಇನ್ನೊಬ್ಬನಿಗೆ ಇಲ್ಲ. ಇಬ್ಬರ ಬಡತನವೂ ಒಂದೇ ಅಲ್ಲ ಎಂಬುದು ಈ ಪಂಥದ ತಿರುಳು.

ಎದುರು ವಾದಕ್ಕೂ ಬಲ ಬಂದಿದೆ. 2019ರ 103ನೇ ತಿದ್ದುಪಡಿ ಆರ್ಥಿಕ ದುರ್ಬಲರಿಗೆ ಶೇ 10 ಮೀಸಲಾತಿ ತಂದಿತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಎತ್ತಿಹಿಡಿಯಿತು. ಪರಿಶಿಷ್ಟರು, ಹಿಂದುಳಿದವರಲ್ಲಿನ ಬಡವರನ್ನು ಆ ಕೋಟಾದಿಂದ ಹೊರಗಿಟ್ಟದ್ದನ್ನು ಭಿನ್ನಮತದ ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಹಾವನೂರರ ತಕರಾರು ಐವತ್ತು ವರ್ಷಗಳ ಮೇಲೂ ಹಸಿಯಾಗಿದೆ.

ದೂರದ ಬಡವರಿಗೆ ಸಲ್ಲಬೇಕಾದದ್ದು

ವಿಶ್ವಬ್ಯಾಂಕು 1990ರಲ್ಲಿ ದಿನಕ್ಕೆ ಒಂದು ಡಾಲರ್ ಎಂದು ಎಳೆದ ಗೆರೆ 2025ರ ಜೂನ್‌ನಲ್ಲಿ ಮೂರು ಡಾಲರಿಗೆ ಏರಿತು. ಆ ಲೆಕ್ಕದಲ್ಲಿ ಜಗತ್ತಿನ ಸುಮಾರು 80 ಕೋಟಿ ಜನ ಕಡುಬಡವರು. ಅವರಿಗೆ ಶ್ರೀಮಂತ ದೇಶಗಳು ಏನು ಕೊಡಬೇಕು? 1971ರ ಬಾಂಗ್ಲಾ ನಿರಾಶ್ರಿತರ ಸಂಕಟ ಕಂಡು ತತ್ವಜ್ಞಾನಿ ಪೀಟರ್ ಸಿಂಗರ್, ಕಣ್ಣೆದುರಿನ ಕೊಳದಲ್ಲಿ ಮುಳುಗುವ ಮಗುವಿಗೂ ದೂರ ದೇಶದಲ್ಲಿ ಹಸಿದ ಮಗುವಿಗೂ ನಮ್ಮ ಕರ್ತವ್ಯ ಒಂದೇ ಎಂದು 1972ರಲ್ಲಿ ವಾದಿಸಿದರು. ಅದು ದಾನವಲ್ಲ, ಮಾಡಿದ ಕೇಡಿಗೆ ಪರಿಹಾರ ಎಂದವರು ಥಾಮಸ್ ಪೊಗ್ಗೆ. ವ್ಯಾಪಾರದ ನಿಯಮಗಳೇ ಬಡದೇಶಗಳಿಗೆ ವಿರುದ್ಧವಾಗಿವೆ ಎಂಬುದು ಅವರ ನಿಲುವು. ಜಾಂಬಿಯಾದ ಡಂಬಿಸಾ ಮೊಯೊ 2009ರಲ್ಲಿ ಇಬ್ಬರಿಗೂ ಸಡ್ಡು ಹೊಡೆದು, ಸರ್ಕಾರಗಳಿಗೆ ಬರುವ ನೆರವೇ ಆಫ್ರಿಕವನ್ನು ಹಾಳು ಮಾಡಿತು ಎಂದರು.

ಇದರಾಚೆ ನಿಂತವರು ಬೆಳವಣಿಗೆವಾದಿಗಳು. ನಲವತ್ತು ವರ್ಷಗಳಲ್ಲಿ ಚೀನಾ 80 ಕೋಟಿಯಷ್ಟು ಜನರನ್ನು ಕಡುಬಡತನದಿಂದ ಹೊರತಂದದ್ದು ದಾನದಿಂದಲ್ಲ, ಉತ್ಪಾದನೆಯಿಂದ ಎಂಬುದು ಅವರ ಅತಿ ಬಲವಾದ ಉತ್ತರ. ಭಾರತದಲ್ಲಿ ಜಗದೀಶ್ ಭಗವತಿ ಈ ಮಾತಿನ ವಕ್ತಾರರು. ಮೊದಲು ಆರೋಗ್ಯ, ಶಿಕ್ಷಣ ಎಂದ ಸೇನ್ ಮತ್ತು ಜಾನ್ ಡ್ರೆಜ್‌ರ ಜೊತೆ 2013ರಲ್ಲಿ ಅವರ ಜಟಾಪಟಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಬೆಳವಣಿಗೆ ಬೇಕೇ ಬೇಕು. ಆದರೆ ಬ್ಯಾಡಗಿಯ ಮಾರುಕಟ್ಟೆ ಬೆಳೆದಷ್ಟು ತೊಟ್ಟು ಬಿಡಿಸುವವಳ ಮನೆ ಬೆಳೆದಿಲ್ಲ ಎಂಬುದಕ್ಕೆ ಆ ಪಂಥದಲ್ಲಿ ಸಲೀಸಾದ ಉತ್ತರವಿಲ್ಲ.

ಇನ್ನೂ ತೀರದ ಲೆಕ್ಕಗಳು

ಮೊದಲನೆಯದು ಪಾತ್ರ–ಅಪಾತ್ರದ್ದೇ. 2024ರ ನವೆಂಬರಿನಲ್ಲಿ ಅನರ್ಹ ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಲು ಹೊರಟ ರಾಜ್ಯ ಸರ್ಕಾರ, ಅರ್ಹರ ಕಾರ್ಡುಗಳೂ ಹೋದವೆಂಬ ಆಕ್ರೋಶ ಎದ್ದಾಗ ಹಿಂದೆ ಸರಿಯಿತು. ಸೋಸಿದರೆ ನಿಜವಾದ ಬಡವರು ಜಾರಿಹೋಗುತ್ತಾರೆ. ಸೋಸದಿದ್ದರೆ ಕಾರು ಇದ್ದವರೂ ಸಾಲಿನಲ್ಲಿ ನಿಲ್ಲುತ್ತಾರೆ. ಎರಡು ತಪ್ಪುಗಳಲ್ಲಿ ಯಾವುದನ್ನು ಸಹಿಸಬೇಕೆಂದು ಸಮಾಜ ತೀರ್ಮಾನಿಸಿಲ್ಲ. ಹಸಿದವನನ್ನು ಹೊರಗಟ್ಟುವ ತಪ್ಪೇ ದೊಡ್ಡದು ಎಂಬುದು ಈ ಲೇಖನದ ನಿಲುವು.

ಎರಡನೆಯದು, ಏರಿದವರು ಜಾರುವುದು. ಕರ್ನಾಟಕವೂ ಸೇರಿ ಹಲವು ಕಡೆ ಅಧ್ಯಯನ ಮಾಡಿದ ಅನಿರುದ್ಧ ಕೃಷ್ಣ, ಕುಟುಂಬಗಳು ಬಡತನಕ್ಕೆ ಬೀಳಲು ಆಸ್ಪತ್ರೆ ಖರ್ಚು ದೊಡ್ಡ ಕಾರಣ ಎಂದು ತೋರಿಸಿದ್ದಾರೆ. ಅಕ್ಕಿ ಕೊಟ್ಟರೆ ಹಸಿವು ನೀಗುತ್ತದೆ; ಬೀಳುವುದನ್ನು ತಡೆಯುವ ಉಪಾಯ ಬೇರೆಯೇ ಬೇಕು. ಮೂರನೆಯದು ಗ್ಯಾರಂಟಿಗಳದು. ಎರಡು ಸಾವಿರ ರೂಪಾಯಿ ಹತ್ತು ವರ್ಷದ ನಂತರ ಹೆಣ್ಣುಮಕ್ಕಳ ದುಡಿಮೆ, ಸಾಲ, ಮಕ್ಕಳ ಓದಿನ ಮೇಲೆ ಏನು ಮಾಡಿರುತ್ತದೆಂದು ಹೇಳಲು ಇನ್ನೂ ಸಾಕಷ್ಟು ಕಾಲ ಕಳೆದಿಲ್ಲ. ಅದೇ ಹಣದಲ್ಲಿ ಶಾಲೆ, ನೀರಾವರಿ ಎಷ್ಟು ಆಗುತ್ತಿತ್ತು ಎಂಬ ಪ್ರಶ್ನೆಯನ್ನು ಮೂದಲಿಕೆಯಿಲ್ಲದೆ ಕೇಳುವವರಿಗೆ ಉತ್ತರ ಸಿಗಬೇಕು.

ಸರ್ಕಾರ ಒಪ್ಪಿದ ಬಡತನ ರೇಖೆಯ ಲೆಕ್ಕ 2011–12ರಲ್ಲೇ ನಿಂತಿದೆ. ಆದ್ದರಿಂದ ಕೆಳಗಿನಿಂದಲೇ ಲೆಕ್ಕ ಶುರುವಾಗಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಾಲೇಜುಗಳ ಅರ್ಥಶಾಸ್ತ್ರ ವಿಭಾಗಗಳು ಒಂದು ಸುಗ್ಗಿಯ ಕಾಲವನ್ನು ಇದಕ್ಕೆ ಮೀಸಲಿಟ್ಟು, ತೊಟ್ಟು ಬಿಡಿಸುವ ಮತ್ತು ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳ ಕೂಲಿ, ಕೆಲಸದ ದಿನ, ಸಾಲ, ಆಸ್ಪತ್ರೆ ಖರ್ಚುಗಳನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಲಿ. ಬರೆದುಕೊಂಡದ್ದನ್ನು ಎಪಿಎಂಸಿಯ ಮುಂದೂ ಕಾರ್ಮಿಕ ಇಲಾಖೆಯ ಮುಂದೂ ಇಡಲಿ.